ಸಾಲು ತಪ್ಪಿದರೆ ಭಾಷೆಯೂ ತಪ್ಪುತ್ತದೆ



ಗಡಿನಾಡಿನ ಕನ್ನಡ ಶಿಕ್ಷಣದ ಪ್ರಸ್ತಾಪ ಬಂದಾಗಲೆಲ್ಲ ನಾವು ಆಯೋಗದ ವರದಿಗಳನ್ನು, ನ್ಯಾಯಾಲಯದ ಆದೇಶಗಳನ್ನು, ಕನ್ನಡವರಿಯದ ಅಧ್ಯಾಪಕರ ನೇಮಕಾತಿಯನ್ನು ಕುರಿತು ಮಾತನಾಡುತ್ತೇವೆ. ಅವು ಆಡಲೇಬೇಕಾದ ಮಾತುಗಳು. ಆದರೆ ಶಾಲಾ ಕಚೇರಿಯ ಗಣಕದಲ್ಲಿ ವರ್ಷಕ್ಕೆ ಹತ್ತಾರು ಬಾರಿ ನಡೆಯುವ ಒಂದು ಸಣ್ಣ ಕೆಲಸದ ಕಡೆಗೆ ನಮ್ಮ ಗಮನ ಹರಿದಿಲ್ಲ. ಅದು ಎಕ್ಸೆಲ್ ಹಾಳೆಯಲ್ಲಿ ಮಕ್ಕಳ ಹೆಸರಿನ ಸಾಲುಗಳನ್ನು ಮರುಜೋಡಿಸುವ, ಅಂದರೆ ಸಾರ್ಟ್ ಮಾಡುವ ಕೆಲಸ. ಇದನ್ನು ಗುಮಾಸ್ತರ ಪಾಡಿಗೆ ಬಿಟ್ಟುಬಿಡುವುದು ಸರಿಯಲ್ಲ, ರಕ್ಷಕರು ಇದನ್ನು ಅರಿತು ಪರಿಶೀಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾಷಾ ಅಲ್ಪಸಂಖ್ಯಾತರ ಹಕ್ಕು ಕಾಗದದಲ್ಲಿ ತತ್ತ್ವವಾಗಿದ್ದರೂ ಆಚರಣೆಯಲ್ಲಿ ಅದು ಎಣಿಕೆಯೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆನ್ನುವ 350ಎ ವಿಧಿ 1956ರಲ್ಲಿ ಸಂವಿಧಾನವನ್ನು ಸೇರಿತು. ಅದಕ್ಕೂ ಮೊದಲೇ, 1949ರ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಅಧ್ಯಾಪಕರನ್ನು ಒದಗಿಸಬೇಕೆಂದು ಹೇಳಿತ್ತು. ಕೇರಳದಲ್ಲಿ ಶಾಲಾರಂಭದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯೇ ಅಧ್ಯಾಪಕ ಹುದ್ದೆಗಳ ನಿರ್ಣಯಕ್ಕೆ ಆಧಾರ. ಆ ಎಣಿಕೆ ಇಂದು ದಾಖಲಾತಿ ಪುಸ್ತಕದಿಂದ ಗಣಕಕ್ಕೆ ಬಂದಿದೆ. ಕೇರಳದಲ್ಲಿ 'ಸಂಪೂರ್ಣ', ತಮಿಳುನಾಡಿನಲ್ಲಿ 'ಎಮಿಸ್', ಮಹಾರಾಷ್ಟ್ರದಲ್ಲಿ 'ಸರಳ್', ಇಡೀ ದೇಶಕ್ಕೆ 'ಯುಡೈಸ್ ಪ್ಲಸ್'. ಇವುಗಳಿಗೆ ಮಾಹಿತಿ ತುಂಬುವ ಮೊದಲೂ, ಇವುಗಳಿಂದ ಪಟ್ಟಿ ಇಳಿಸಿಕೊಂಡ ಮೇಲೂ ಶಾಲೆಗಳು ಎಕ್ಸೆಲ್ ಹಾಳೆಯನ್ನೇ ಆಶ್ರಯಿಸುತ್ತವೆ. ಒಮ್ಮೆ ತರಗತಿವಾರು, ಒಮ್ಮೆ ಅಕಾರಾದಿ, ಒಮ್ಮೆ ಭಾಷಾವಾರು ಎಂದು ಸಾಲುಗಳು ಮತ್ತೆ ಮತ್ತೆ ಸ್ಥಾನ ಬದಲಿಸುತ್ತವೆ.

ಹಳೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ಜನ್ಮದಿನಾಂಕ, ತಂದೆತಾಯಿಯರ ಹೆಸರು, ಭಾಷೆ ಇವೆಲ್ಲ ಒಂದೇ ಗೆರೆಯಲ್ಲಿ ಮಸಿಯಿಂದ ಬಂಧಿತವಾಗಿದ್ದವು. ಎಕ್ಸೆಲ್ ಹಾಳೆಯಲ್ಲಿ ಆ ಬಂಧ ಇಲ್ಲ. ಅಲ್ಲಿ ಪ್ರತಿಯೊಂದು ಕೋಶವೂ ಬಿಡಿ. ಹೆಸರು ಮತ್ತು ಭಾಷೆ ಒಂದೇ ಮಗುವಿಗೆ ಸೇರಿದವೆಂಬುದು ಸಾಲು ಕೂಡಿಯೇ ಚಲಿಸಿದಾಗ ಮಾತ್ರ ನಿಜ.

ಮೂವತ್ತು ಮಕ್ಕಳ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. 18 ಮಕ್ಕಳ ಪ್ರಥಮ ಭಾಷೆ ಕನ್ನಡ, 12 ಮಕ್ಕಳದು ಮಲಯಾಳ. ಹೆಸರುಗಳು ಅಕಾರಾದಿಯಾಗಿವೆ. ಭಾಷೆಯ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿದರೆ ಮೊದಲ 18 ಸಾಲುಗಳಲ್ಲಿ ಕನ್ನಡವೂ ಉಳಿದ 12ರಲ್ಲಿ ಮಲಯಾಳವೂ ಬಂದು ಕೂರುತ್ತವೆ. ಹೆಸರುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಪರಿಣಾಮವಾಗಿ ಪಟ್ಟಿಯ ಕೊನೆಯಲ್ಲಿರುವ ಸುಮಾ, ಹರೀಶರು ಮನೆಯಲ್ಲೂ ಶಾಲೆಯಲ್ಲೂ ಕನ್ನಡದವರಾಗಿದ್ದರೂ ಕಡತದಲ್ಲಿ ಮಲಯಾಳದವರಾಗುತ್ತಾರೆ. ಮೊತ್ತ ಹಾಕಿ ನೋಡಿದರೆ ಅದೇ 18, ಅದೇ 12. ಸಂಖ್ಯೆ ಸರಿಯಿದೆ, ಮಕ್ಕಳು ತಪ್ಪಿದ್ದಾರೆ. ಮೊತ್ತವನ್ನಷ್ಟೇ ನೋಡುವ ಮೇಲಧಿಕಾರಿಗೆ ಈ ತಪ್ಪು ಎಂದೂ ಕಾಣದು. ಅದು ಕಾಣುವುದು ಮಗುವಿನ ಕೈಗೆ ಬೇರೆ ಭಾಷೆಯ ಪಠ್ಯಪುಸ್ತಕ ಬಂದಾಗ ಅಥವಾ ವರ್ಗಾವಣೆ ಪತ್ರದಲ್ಲಿ ಬೇರೆ ಭಾಷೆ ಅಚ್ಚಾದಾಗ.

ಒಂದೇ ಕಾಲಂ ಆರಿಸಿದರೆ ಎಕ್ಸೆಲ್ ಸಾಮಾನ್ಯವಾಗಿ ಎಚ್ಚರಿಸುತ್ತದೆ, ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೇ ಎಂದು ಕೇಳುತ್ತದೆ. ಸೇರಿಸಿಕೊಳ್ಳಬೇಕು ಎಂಬುದೇ ಅದಕ್ಕೆ ಸರಿಯಾದ ಉತ್ತರ. ಆದರೆ ನಡುವೆ ಒಂದು ಖಾಲಿ ಕಾಲಂ ಇದ್ದರೆ ಅದರಾಚೆಯ ಮಾಹಿತಿ ಎಕ್ಸೆಲ್‌ನ ಲೆಕ್ಕಕ್ಕೇ ಬರುವುದಿಲ್ಲ. ಗೂಗಲ್ ಶೀಟ್‌ನಲ್ಲಿ ಇಡೀ ಹಾಳೆಯನ್ನು ಸಾರ್ಟ್ ಮಾಡುವುದು ಬೇರೆ, ಆರಿಸಿದ ಭಾಗವನ್ನು ಮಾತ್ರ ಸಾರ್ಟ್ ಮಾಡುವುದು ಬೇರೆ. ಎರಡನೆಯದು ಎಚ್ಚರಿಕೆಯಿಲ್ಲದೆ ನಡೆದುಹೋಗುತ್ತದೆ. ದಾಖಲಾತಿ ಸಂಖ್ಯೆಗಳು ಅಕ್ಷರರೂಪದಲ್ಲಿ ಶೇಖರವಾಗಿದ್ದರೆ 1ರ ಬಳಿಕ 10, 11, ಆಮೇಲೆ 2 ಬರುತ್ತವೆ.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದುದು: ಯಾವ ಕಾಲಂನ ಆಧಾರದಲ್ಲಿ ಜೋಡಿಸಬೇಕು? ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನ ಮಕ್ಕಳೂ ಇದ್ದಾರೆ. ಅವರ ವಿದ್ಯೆಯ ಭಾಷೆ ಕನ್ನಡ. ಪಟ್ಟಿಯನ್ನು ಮಾತೃಭಾಷೆಯ ಕಾಲಂನಿಂದ ಜೋಡಿಸಿ 'ಕನ್ನಡ' ಎಂಬ ಗುಂಪನ್ನಷ್ಟೇ ಎಣಿಸಿದರೆ ಈ ಮಕ್ಕಳೆಲ್ಲ ಚದುರಿಹೋಗುತ್ತಾರೆ, ತುಂಬಿದ ತರಗತಿಯೂ ಬರಿದಾಗಿ ತೋರುತ್ತದೆ. ಮೊದಲು ತರಗತಿ, ಬಳಿಕ ಮಾಧ್ಯಮ, ಆ ಬಳಿಕ ಮಾತೃಭಾಷೆ ಎಂಬ ಕ್ರಮದಲ್ಲಿ ಜೋಡಿಸಿದರೆ ಅದೇ ಮಕ್ಕಳು ಒಟ್ಟಾಗಿ ಕಾಣಿಸುತ್ತಾರೆ. ಭಾಷೆಯ ಹೆಸರನ್ನು ಒಂದೆಡೆ ಪೂರ್ಣವಾಗಿ, ಇನ್ನೊಂದೆಡೆ ಸಂಕ್ಷೇಪವಾಗಿ, ಮತ್ತೊಂದೆಡೆ ಕಾಗುಣಿತ ತಪ್ಪಿ ಬರೆದಿದ್ದರೂ ಯಂತ್ರ ಅವನ್ನು ಮೂರು ಭಾಷೆಗಳೆಂದೇ ತಿಳಿಯುತ್ತದೆ. ಸಾಲುಗಳ ಕ್ರಮ ನಿರುಪದ್ರವಿ ಎಂದು ಭಾವಿಸುವವರು ಇದನ್ನು ಯೋಚಿಸಬೇಕು. ಯಾವುದನ್ನು ಮುಂದಿಟ್ಟು ಜೋಡಿಸುತ್ತೇವೋ ಅದನ್ನೇ ಓದುವವರು ಎಣಿಸುತ್ತಾರೆ.

ಕನ್ನಡ ಲಿಪಿಯ ಪಟ್ಟಿಗಳಿಗೆ ಮತ್ತೊಂದು ತೊಡಕೂ ಉಂಟು. ಯೂನಿಕೋಡ್‌ನಲ್ಲಿ ಳಕಾರದ ಸ್ಥಾನ ಲಕಾರದ ಬೆನ್ನಿಗೇ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಬಳಿಕ ಬರುತ್ತದೆ. ಸಂಕೇತಸಂಖ್ಯೆಯನ್ನೇ ಅನುಸರಿಸುವ ಜೋಡಣೆಯಲ್ಲಿ ಮಾಲತಿ, ಮಾಳವಿಕಾ, ಮಾಹಿನ್ ಎಂದಾದರೆ ಹಾಜರಿ ಪುಸ್ತಕದಲ್ಲಿ ಮಾಲತಿ, ಮಾಹಿನ್, ಮಾಳವಿಕಾ ಎಂದಿರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಶೈಲಿಯ ಕಡತಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳಾದುದರಿಂದ ಅಲ್ಲಿ ಅಕಾರಾದಿಯ ಮಾತೇ ಇಲ್ಲ. ಹೀಗೆ ಕ್ರಮ ಬೇರೆಯಾದ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಅಂಟಿಸಿದರೆ ಒಬ್ಬರ ಅಂಕ, ಒಬ್ಬರ ಭಾಷೆ ಇನ್ನೊಬ್ಬರ ಪಾಲಾಗುತ್ತದೆ.

ಪಾಠ, ಪರೀಕ್ಷೆ, ಮಧ್ಯಾಹ್ನದ ಊಟ ಎಲ್ಲವನ್ನೂ ಹೊತ್ತ ಅಧ್ಯಾಪಕರ ಮೇಲೆ ಇದನ್ನೂ ಹೇರಬೇಕೇ ಎಂದು ಕೆಲವರು ಕೇಳಬಹುದು. ಆಕ್ಷೇಪ ನ್ಯಾಯವಾದುದು. ಅದಕ್ಕಾಗಿಯೇ ಈ ಮಾತನ್ನು ಅಧ್ಯಾಪಕರಿಗಲ್ಲ, ನಿಮಗೆ ಹೇಳುತ್ತಿದ್ದೇನೆ. ಮೂವತ್ತು ಸಾಲುಗಳನ್ನು ಒಬ್ಬರು ಪರಿಶೀಲಿಸುವುದು ಕಷ್ಟ. ಮೂವತ್ತು ಮನೆಯವರು ತಮ್ಮ ತಮ್ಮ ಒಂದು ಸಾಲನ್ನು ಪರಿಶೀಲಿಸುವುದು ಐದು ನಿಮಿಷದ ಕೆಲಸ.

ಶಾಲೆಯನ್ನು ವಿನಯದಿಂದ ಕೇಳಬೇಕಾದದ್ದು ಇಷ್ಟು. ಮೊದಲ ಕಾಲಂನಲ್ಲಿ ಬದಲಾಗದ ಕ್ರಮಸಂಖ್ಯೆ ಇರಲಿ, ಜೋಡಣೆ ಎಷ್ಟು ಬದಲಾದರೂ ಸಾಲುಗಳು ಕೂಡಿಯೇ ಚಲಿಸಿದ್ದರೆ ಅದರಿಂದ ಮೂಲ ಕ್ರಮಕ್ಕೆ ಮರಳಬಹುದು. ಮೂಲ ಕಡತವನ್ನು ಮುಟ್ಟದೆ ಪ್ರತಿಯೊಂದರಲ್ಲಿ ಕೆಲಸ ನಡೆಯಲಿ. ಎರಡು ಪಟ್ಟಿಗಳನ್ನು ಹೊಂದಿಸುವುದಿದ್ದರೆ ಹೆಸರಿನಿಂದಲ್ಲ, ದಾಖಲಾತಿ ಸಂಖ್ಯೆಯಿಂದ ಹೊಂದಿಸಲಿ. ಆರನೆಯ ಕೆಲಸದ ದಿನಕ್ಕೆ ಮುನ್ನ ಪ್ರತಿ ಮಗುವಿನ ಹೆಸರು, ಮಾಧ್ಯಮ, ಪ್ರಥಮ ಭಾಷೆ, ಮಾತೃಭಾಷೆಗಳಿರುವ ಸಾಲನ್ನು ಆಯಾ ಮನೆಯವರಿಗೆ ತೋರಿಸಿ ಸಹಿ ಪಡೆಯಲಿ. ಶಿಕ್ಷಣ ಹಕ್ಕು ಕಾಯಿದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನವನ್ನು ರಕ್ಷಕರಿಗೇ ಮೀಸಲಿಟ್ಟಿದೆ. ಆ ಸಭೆಯಲ್ಲಿ ಇದನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸಮಿತಿಯಿಲ್ಲದ ಶಾಲೆಗಳಲ್ಲಿ ರಕ್ಷಕ-ಶಿಕ್ಷಕ ಸಂಘವಿದೆ.

ಹುದ್ದೆ ಹೋಯಿತೆಂದು ಜುಲೈಯಲ್ಲಿ ಧರಣಿ ಕೂರುವುದಕ್ಕಿಂತ ಜೂನ್ ಮೊದಲ ವಾರದಲ್ಲಿ ನಮ್ಮ ಮಗುವಿನ ಸಾಲನ್ನು ಕಣ್ಣಾರೆ ಓದುವುದು ಲೇಸು. ಧರಣಿಯ ಅಗತ್ಯ ಬಂದರೂ ಆಗ ನಮ್ಮ ಕೈಯಲ್ಲಿ ಸಹಿಯಿರುವ ಪಟ್ಟಿ ಇರುತ್ತದೆ. ಅಂಥ ಪಟ್ಟಿಯ ಮುಂದೆ ವಾದ ಹೂಡುವುದು ಯಾವ ಕಚೇರಿಗೂ ಸುಲಭವಲ್ಲ.