ಬಾಗಿಲು ತೆರೆದಿರುವ ಹೊತ್ತು

ಶತಮಾನದ ಮೊದಲ ಕಾಲು ಭಾಗ ಮುಗಿದಿದೆ. ಈ ಇಪ್ಪತ್ತೈದು ವರ್ಷಗಳಲ್ಲಿ ಕರ್ನಾಟಕದ ಸರ್ಕಾರಿ ಕಚೇರಿಗಳ ಬಾಗಿಲು ಜನರಿಗೆ ಎಷ್ಟು ಹೊತ್ತು ತೆರೆದಿತ್ತು ಎಂದು ಹಿಂತಿರುಗಿ ನೋಡಿದರೆ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ. ಕಾಗದ ಸಿಗುವ ಹೊತ್ತು ಬೆಳೆದಿದೆ. ಆ ಕಾಗದದ ಮೇಲೆ ತೀರ್ಮಾನ ಮಾಡುವ ಅಧಿಕಾರಿ ಸಿಗುವ ಹೊತ್ತು ಬೆಳೆದಿಲ್ಲ.

ಮೊದಲು ಸಂತೋಷದ ಮಾತು. ಒಂದು ಕಾಲಕ್ಕೆ ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರು ಯಾವ ಊರಿನಲ್ಲಿದ್ದಾರೆಂದು ಹುಡುಕಿಕೊಂಡು ಹೋಗಬೇಕಿತ್ತು. ಅವರು ಸಿಕ್ಕ ಹೊತ್ತೇ ಕಚೇರಿ ವೇಳೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುವಂತಾಯಿತು. 2005ರ ಏಪ್ರಿಲ್‌ನಲ್ಲಿ ಶುರುವಾದ ‘ಬೆಂಗಳೂರು ಒನ್’ ಸೇವಾ ಕೇಂದ್ರ ಬೆಳಗ್ಗೆ 8ರಿಂದ ಸಂಜೆ 7ರವರೆಗೆ ತೆರೆದು ಕೂತಿತು. ಕರೆಂಟ್ ಬಿಲ್ ಕಟ್ಟಲು ಅರ್ಧ ದಿನದ ರಜೆ ಹಾಕುವ ಕಾಲ ಅಲ್ಲಿಗೆ ಮುಗಿಯಿತು. 2022ರ ಜನವರಿಯಲ್ಲಿ ಬಂದ ‘ಗ್ರಾಮ ಒನ್’ ಅದೇ ಸೌಕರ್ಯವನ್ನು ರಾತ್ರಿ 8ರವರೆಗೆ ಹಳ್ಳಿಗೆ ತಂದಿತು. ಇವು ಸಣ್ಣ ಸಾಧನೆಗಳಲ್ಲ.

ಆದರೆ ಗ್ರಾಮ ಒನ್‌ನಲ್ಲಿ ಕೂತಿರುವವನು ಅರ್ಜಿಗಿಷ್ಟು ಎಂದು ಕಮಿಷನ್ ಪಡೆಯುವ ಹುಡುಗ. ಅರ್ಜಿ ಅಪ್‌ಲೋಡ್ ಮಾಡಬಲ್ಲ, ರಶೀದಿ ಕೊಡಬಲ್ಲ. ಅರ್ಜಿ ಏಕೆ ತಿರಸ್ಕೃತವಾಯಿತು ಎಂದು ಕೇಳಿದರೆ ಅವನ ಬಳಿ ಉತ್ತರವಿಲ್ಲ. ಅದಕ್ಕೆ ತಾಲ್ಲೂಕು ಕಚೇರಿಗೇ ಹೋಗಬೇಕು. ಅಲ್ಲಿ ವೇಳೆ ಇಂದಿಗೂ 10ರಿಂದ 5.30. ಎಷ್ಟೋ ಅಧಿಕಾರಿಗಳ ಕೊಠಡಿಯ ಹೊರಗೆ ‘ಸಾರ್ವಜನಿಕರ ಭೇಟಿ: ಮಧ್ಯಾಹ್ನ 3.30ರಿಂದ’ ಎಂಬ ಬೋರ್ಡು ಬೇರೆ. ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಜೆರಾಕ್ಸ್, ರೇಷನ್ ಕಾರ್ಡು ಇಟ್ಟುಕೊಂಡು ಮಧ್ಯಾಹ್ನದವರೆಗೆ ವರಾಂಡದ ಕಟ್ಟೆಯ ಮೇಲೆ ಕೂತಿರುತ್ತಾಳೆ. ಮೂರೂವರೆಗೆ ‘ಸಾಹೇಬ್ರು ಮೀಟಿಂಗಿಗೆ ಹೋಗಿದಾರಮ್ಮ, ನಾಳೆ ಬನ್ನಿ’ ಎಂಬ ಮಾತು ಬರುತ್ತದೆ. ಸಾಹೇಬರು ಎಲ್ಲಿಗೆ ಹೋದರೆಂದು ಬರೆದಿಡಲು ಒಳಗೊಂದು ಚಲನವಲನ ವಹಿ ಇರಬೇಕು. ಇದ್ದರೂ ಅದನ್ನು ತೋರಿಸಿ ಎಂದು ಕೇಳುವ ಧೈರ್ಯ ಆಕೆಗೆ ಎಲ್ಲಿಂದ ಬರಬೇಕು?

ಆಕೆ ಕಳೆದುಕೊಂಡದ್ದು ಒಂದು ದಿನದ ಕೂಲಿ. 2025-26ರಲ್ಲಿ ಉದ್ಯೋಗ ಖಾತರಿಯ ದರದಲ್ಲೇ ಲೆಕ್ಕ ಹಿಡಿದರೂ 370 ರೂಪಾಯಿ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಒಳ್ಳೆಯ ಕಾನೂನು. ಅರ್ಜಿಗೆ 15 ಅಂಕಿಯ ನಂಬರು ಕೊಟ್ಟು, ಇಷ್ಟು ದಿನದೊಳಗೆ ಕೆಲಸ ಆಗಬೇಕೆಂದು ಗೊತ್ತುಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಆದರೆ ಅದು ಎಣಿಸುವುದು ಕಡತ ಕಚೇರಿಯಲ್ಲಿ ಉಳಿದ ದಿನಗಳನ್ನು. ಅರ್ಜಿದಾರರು ಎಷ್ಟು ಸಲ ಎಡತಾಕಿದರು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

2019ರಲ್ಲಿ ರಾಜ್ಯದ ಸರ್ಕಾರಿ ಕಚೇರಿಗಳಿಗೆ ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವೂ ರಜೆಯಾಯಿತು; ಬದಲಿಗೆ ನೌಕರರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಈ ರಜೆಯ ಮೇಲೆ ನಮಗೆ ಸಿಟ್ಟಿಲ್ಲ. ಕೇಂದ್ರದ ನೌಕರರಿಗೆ 1985ರಿಂದಲೇ ಐದು ದಿನಗಳ ವಾರವಿದೆ. ಖಾಲಿ ಹುದ್ದೆಗಳ ನಡುವೆ ಇಬ್ಬರ ಮೇಜು ಒಬ್ಬರೇ ನೋಡಿಕೊಳ್ಳುವ ಗುಮಾಸ್ತರ ಕಷ್ಟವೂ ಗೊತ್ತಿದೆ. ಆ ಎರಡು ಶನಿವಾರ ಜನರ ಕೆಲಸಕ್ಕೆ ಏನು ಬದಲಿ ವ್ಯವಸ್ಥೆ ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ ಎಂಬುದೇ ನಮ್ಮ ದೂರು. ಯೋಚಿಸಿದರೆ ದಾರಿ ಸಿಗುತ್ತದೆ. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್-ಮೇ ಬಿಸಿಲಿಗೆ ಕಚೇರಿಗಳು ಬೆಳಗ್ಗೆ 8ರಿಂದ 1.30ರವರೆಗೆ ನಡೆಯುತ್ತವೆ, ಜನ ಅದಕ್ಕೆ ಎಂದೋ ಒಗ್ಗಿಕೊಂಡಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ರಜೆಯ ಶನಿವಾರ, ಭಾನುವಾರಗಳಂದೂ ಕೆಲವು ಉಪನೋಂದಣಿ ಕಚೇರಿಗಳನ್ನು ತೆರೆಯಲು ಕಂದಾಯ ಇಲಾಖೆ ಮುಂದಾಯಿತು. ಆಸ್ತಿ ನೋಂದಣಿಗೆ ಆಗುವುದಾದರೆ ವಿಧವಾ ವೇತನದ ಅರ್ಜಿಗೆ ಏಕೆ ಆಗಬಾರದು? ನೋಂದಣಿಯಿಂದ ಖಜಾನೆಗೆ ವರಮಾನ ಬರುತ್ತದೆ, ಪಿಂಚಣಿಯಿಂದ ಹೋಗುತ್ತದೆ. ವ್ಯತ್ಯಾಸ ಇಷ್ಟೇ ಆಗಿದ್ದರೆ ಅದು ನಾಚಿಕೆಯ ಸಂಗತಿ.

ಸಂಸ್ಕೃತಿಯ ಬಾಗಿಲುಗಳ ಕಥೆ ಇನ್ನೂ ಬೇಸರದ್ದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಎರಡು ಮ್ಯೂಸಿಯಂಗಳಿವೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ದೀಪಾವಳಿ ಮತ್ತು ಗಣೇಶ ಚತುರ್ಥಿ ಬಿಟ್ಟರೆ ರಜೆಯೇ ಇಲ್ಲ. ಭಾನುವಾರ ಅಲ್ಲಿ ಮಕ್ಕಳ ಜಾತ್ರೆ. ಪಕ್ಕದಲ್ಲೇ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯದ ವೇಳೆ 10ರಿಂದ 5. ಸೋಮವಾರ ಮುಚ್ಚುವುದು ಸರಿಯೇ. ಸಾರ್ವತ್ರಿಕ ರಜೆಗಳಂದೂ ಮುಚ್ಚಿದರೆ ನೋಡಬೇಕಾದವರು ಬರುವುದು ಯಾವಾಗ? ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುವ ಹತ್ತನೇ ಶತಮಾನದ ಆತಕೂರು ಶಾಸನ ಇರುವುದು ಅಲ್ಲೇ. ಕನ್ನಡದ ಪ್ರತಿ ಮಗುವೂ ಒಮ್ಮೆ ಅದರ ಮುಂದೆ ನಿಲ್ಲಬೇಕು. ಆದರೆ ಅಪ್ಪ-ಅಮ್ಮನಿಗೆ ಬಿಡುವಿರುವ ಸಾರ್ವತ್ರಿಕ ರಜೆಯ ದಿನ ಬಾಗಿಲಿಗೆ ಬೀಗ ಬಿದ್ದಿರುತ್ತದೆ.

ಹೊತ್ತು ಬದಲಾದ ಕಡೆಯೂ ಇದೆ. 2019ರಲ್ಲಿ ದೇಶದ 10 ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆದಿಡಲು ಕೇಂದ್ರ ನಿರ್ಧರಿಸಿದಾಗ ಪಟ್ಟದಕಲ್ಲು, ಗೋಳಗುಮ್ಮಟ ಪಟ್ಟಿಯಲ್ಲಿದ್ದವು. 2025ರ ಜೂನ್‌ನಿಂದ ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರಗಳಂದು ವಿಧಾನಸೌಧವನ್ನೇ ಟಿಕೆಟ್ ಕೊಟ್ಟು ತೋರಿಸಲಾಗುತ್ತಿದೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದು ಮುಂದೆ ‘ಅರಿವು ಕೇಂದ್ರ’ಗಳಾದವು. ಅದಕ್ಕೂ ಮೊದಲು ಮೇಲ್ವಿಚಾರಕರಿಗೆ ದಿನಕ್ಕೆ 4 ಗಂಟೆಯ ಕೆಲಸ, ಅದಕ್ಕೆ ತಕ್ಕ ಪುಡಿಗಾಸಿನ ಗೌರವಧನ. ವೇತನ ಹೆಚ್ಚಿಸಿದ ಮೇಲೆ ಗ್ರಂಥಾಲಯ ತೆರೆದಿರುವ ಅವಧಿಯೂ ಹೆಚ್ಚಿತು. ಹಾಗೆಯೇ ವಸ್ತುಸಂಗ್ರಹಾಲಯಗಳಲ್ಲಿ ಸಂಜೆಯ ಪಾಳಿಗೆ, ತಾಲ್ಲೂಕು ಕಚೇರಿಯಲ್ಲಿ ತಿಂಗಳಿಗೆ ಎರಡು ಶನಿವಾರ ಸಹಿ ಹಾಕುವ ಅಧಿಕಾರವಿರುವ ಒಬ್ಬ ಶಿರಸ್ತೇದಾರರಿಗೆ ಬೇಕಾದ ಹುದ್ದೆಯನ್ನೂ ಭತ್ಯೆಯನ್ನೂ ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ಒದಗಿಸಬೇಕು.