ಗೋಡೆಯ ಗುಟ್ಟು ಮನೆಯವರಿಗೂ ತಿಳಿಯಲಿ

ಬೆಂಗಳೂರಿನ ಹೊಸ ವಸತಿ ಸಮುಚ್ಚಯಗಳಲ್ಲಿ ಸುಟ್ಟ ಇಟ್ಟಿಗೆಯ ಸ್ಥಾನವನ್ನು ಪೊಳ್ಳು ಕಾಂಕ್ರೀಟ್ ಬ್ಲಾಕ್‌ಗಳೂ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕ್‌ಗಳೂ ಆಕ್ರಮಿಸಿವೆ. ನಮ್ಮ ದುರಸ್ತಿಯ ಪದ್ಧತಿ ಮಾತ್ರ ಬದಲಾಗಿಲ್ಲ. ಸಡಿಲಗೊಂಡ ಸ್ಕ್ರೂವಿನ ರಂಧ್ರಕ್ಕೆ ಬೆಂಕಿಕಡ್ಡಿ ತುರುಕಿ ಮತ್ತೆ ಬಿಗಿಯುತ್ತೇವೆ. ಕ್ಯಾಲೆಂಡರಿಗೆ ಇಷ್ಟು ಸಾಕು, ಗೀಸರಿಗೆ ಸಾಲದು. 25 ಲೀಟರಿನ ಗೀಸರಿನಲ್ಲಿ ನೀರಿನ ತೂಕವೇ 25 ಕಿಲೋ. ಅದು ತೂಗುವುದು ಸ್ನಾನ ಮಾಡುವವರ ತಲೆಯ ಮೇಲೆ.

ಪ್ಲಾಸ್ಟಿಕ್ ಪ್ಲಗ್ ಹಿಗ್ಗಿ, ಗಟ್ಟಿ ಇಟ್ಟಿಗೆಯನ್ನು ಅದುಮಿ ಹಿಡಿಯುತ್ತದೆ. ಪೊಳ್ಳಿನಲ್ಲಿ ಅದಕ್ಕೆ ಆಸರೆಯಿಲ್ಲ. ಎಎಸಿಯಲ್ಲಿ ರಂಧ್ರದ ಅಂಚೇ ಪುಡಿಯಾಗುತ್ತದೆ. ಮೊದಲನೆಯದಕ್ಕೆ ಒಳಗೆ ಹೋಗಿ ರೆಕ್ಕೆ ಬಿಚ್ಚುವ ಬೋಲ್ಟ್, ಎರಡನೆಯದಕ್ಕೆ ಅದಕ್ಕೆಂದೇ ತಯಾರಾದ ಉದ್ದನೆಯ ಪ್ಲಗ್ ಅಥವಾ ರಾಸಾಯನಿಕ ಅಂಟು ಬೇಕು. ಹಳೆಯ ರಂಧ್ರವನ್ನು ಮುಚ್ಚಿ, ತುಸು ದೂರದಲ್ಲಿ ಹೊಸದನ್ನು ಕೊರೆಯುವುದು ಕ್ಷೇಮ.

ಆದರೆ ಗೋಡೆ ಯಾವುದರದ್ದು, ಅದರೊಳಗೆ ತಂತಿ, ಕೊಳವೆಗಳು ಎಲ್ಲಿ ಹಾದಿವೆ ಎಂಬುದು ಬಿಲ್ಡರಿಗಲ್ಲದೆ ಮನೆಯವರಿಗೆ ತಿಳಿದಿರುವುದಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯು, ಸ್ವಾಧೀನ ನೀಡಿದ 5 ವರ್ಷಗಳೊಳಗೆ ಗಮನಕ್ಕೆ ತರಲಾದ ನಿರ್ಮಾಣ ದೋಷಗಳನ್ನು ಉಚಿತವಾಗಿ ಸರಿಪಡಿಸುವ ಹೊಣೆಯನ್ನು ಬಿಲ್ಡರ್‌ಗಳಿಗೆ ವಹಿಸಿದೆ. ಮನೆಯ ಕೀಲಿಯೊಂದಿಗೆ ಗೋಡೆಗಳ ವಿವರವನ್ನೂ ಕೊಡುವಂತೆ ಸರ್ಕಾರ ನಿಯಮ ರೂಪಿಸಲಿ. ಒಂದೆರಡು ಹಾಳೆಗಳಲ್ಲಿ ಮುಗಿಯುವ ಈ ಕೆಲಸಕ್ಕೆ ಅವಘಡವೊಂದು ಸಂಭವಿಸುವವರೆಗೆ ಕಾಯಬೇಕಿಲ್ಲ.