ಕಪ್ಪತಗುಡ್ಡ ಮತ್ತ ನಮ್ಮ ಬಿಲ್ವಾರ

ಬಂಗಾರದ ರೇಟು ಏರಿದಾಗೊಮ್ಮೆ ಮನ್ಯಾಗ ಒಂದು ಮಾತು ಬಂದೇ ಬರ್ತೈತಿ. "ಇಲ್ಲೇ ಕಪ್ಪತಗುಡ್ಡದಾಗ ಬಂಗಾರ ಐತಂತ, ಅಗದ್ರ ಸೋವಿ ಆಗೂದಿಲ್ಲೇನು?" ಆಗೂದಿಲ್ಲ ಅಕ್ಕಾರ. ಬಂಗಾರದ ರೇಟು ಗದಗಿನಾಗ ಕೂತು ಯಾರೂ ಕಟ್ಟೂದಿಲ್ಲ. ಗುಡ್ಡ ಮಾತ್ರ ನಮ್ಮದು ಹೋಗ್ತೈತಿ.

ಲೆಕ್ಕ ಹಾಕಿ ನೋಡ್ರಿ. ಒಂದು ಟನ್ ಕಲ್ಲಿನಾಗ ಎರಡು ಗ್ರಾಂ ಬಂಗಾರ ಸಿಕ್ರೂ ಗಣಿಯವರಿಗೆ ಲಾಭ ಇರ್ತೈತಿ. ಅಂದ್ರ ಹತ್ತು ಗ್ರಾಮಿನ ಒಂದು ತೊಲಿಗೆ ಐದು ಟನ್ ಕಲ್ಲು ಒಡೀಬೇಕು, ಒಂದು ಟ್ರ್ಯಾಕ್ಟರ್ ತುಂಬಿ ಚೆಲ್ಲುವಷ್ಟು. ಆ ಕಲ್ಲನ್ನ ಹಿಟ್ಟಿನಂಗ ಅರದು, ಸೈನೈಡ್ ನೀರಾಗ ಹಾಕಿ ಬಂಗಾರ ಬಿಡಿಸ್ತಾರ. ಉಳಿದ ಹಿಟ್ಟು ಎಲ್ಲಿ ಹೋಗಬೇಕು? ಕೋಲಾರದ ಕೆಜಿಎಫ್‌ನಾಗ ಅದು ಗುಡ್ಡದಂಗ ಬಿದ್ದೈತಿ, ಗಾಳಿ ಬಿಟ್ರ ಧೂಳೆದ್ದು ಮನಿಯೊಳಗ ಬರ್ತೈತಿ. ಗಣಿ 2001ರಾಗ ಮುಚ್ಚಿತು. ಈಗ ಅಲ್ಲಿಯ ಮಂದಿ ಬೆಳಕು ಹರಿಯೂ ಮೊದಲ ರೈಲು ಹಿಡದು ಬೆಂಗಳೂರಿಗೆ ದುಡಿಯಾಕ ಹೋಗ್ತಾರ. "ಹುಡುಗೂರಿಗೆ ನೌಕರಿ ಸಿಗ್ತೈತಲ್ಲ" ಅನ್ನುವವರಿಗೆ ನಾ ಇದನ್ನೇ ಹೇಳೂದು. ಹುಡುಗೂರಿಗೆ ಇಲ್ಲಿ ಕೆಲಸ ಇಲ್ಲದ್ದು ಖರೇ, ಅದನ್ನ ನಾ ಅಲ್ಲಗಳೆಯೂದಿಲ್ಲ. ಆದ್ರ ಗಣಿ ಕೆಲಸ ಅದಿರು ಇರೂತನ ಅಷ್ಟ.

ಗುಡ್ಡ ಏನು ಕೊಡ್ತೈತಿ ಅಂತ ಕೇಳ್ತೀರಿ. ನಮ್ಮ ಬಯಲು ಸೀಮ್ಯಾಗ ಮಳಿ ಮೊದಲ ಕಮ್ಮಿ. ಬಿದ್ದಷ್ಟು ನೀರು ಹಿಡದು ಸುತ್ತಿನ ಹಳ್ಳ, ಕೆರಿ, ಬಾವಿಗೆ ಬಿಡೂದು ಆ ಗುಡ್ಡ. ಕವಳಿ ಹಣ್ಣು, ಸೀತಾಫಲ ಬುಟ್ಟ್ಯಾಗ ಹೊತ್ತು ತಂದು ಮಾರೂ ಹೆಣ್ಮಕ್ಕಳ ಸಂಸಾರ ಅದರ ಮ್ಯಾಲೆ. ಔಷಧಿ ಗಿಡ ನೂರಾರು. ಇನ್ನ ತೋಳ, ಕತ್ತೆಕಿರುಬ, ಚಿರತಿ ಅಂತೂ ನಮ್ಮ ಲೆಕ್ಕಕ್ಕೇ ಬರೂದಿಲ್ಲ, ಪಾಪ, ಅವಕ್ಕ ಬ್ಯಾರೆ ಊರೂ ಇಲ್ಲ.

"ಈಗ ಅದು ವನ್ಯಜೀವಿ ಧಾಮ ಆಗೇತಲ್ಲ, ಇನ್ನೇನು ಚಿಂತಿ" ಅಂತ ಹೋದ ವಾರ ಬಾಜೂ ಮನಿ ವೈನಿ ಅಂದ್ರು. ಚಿಂತಿ ಐತಿ. 2015ರ ಡಿಸೆಂಬರ್‌ನಾಗ ಸರಕಾರ ಅದನ್ನ ಸಂರಕ್ಷಿತ ಪ್ರದೇಶ ಅಂತ ಸಾರಿತು, 2016ರ ನವೆಂಬರ್‌ನಾಗ ತಾನೇ ಅಳಿಸಿತು. ವರ್ಷ ತುಂಬಿರಲಿಲ್ಲ! ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದ ನಿಂತು, ಮಂದಿ ಗದಗಿನ ಬೀದಿಗೆ ಇಳಿದ ಮ್ಯಾಲೆ 2017ರಾಗ ತಿರುಗಿ ಕೊಟ್ರು, 2019ರಾಗ ಧಾಮ ಮಾಡಿದ್ರು. ಒಂದು ಕಾಗದ ಬರೆದವರು ಇನ್ನೊಂದು ಬರೀಬಹುದು.

ಕಾಗದ ಕಾಯೂದು ಬ್ಯಾರೆ ಕೆಲಸ, ಅದಕ್ಕ ಮಂದಿ ಬೇಕು. ನಮ್ಮ ಕೈಯಾಗಿನ ಕೆಲಸ ಕಪಾಟಿನಾಗ ಐತಿ. ಬಂಗಾರ ಹಳಸೂದಿಲ್ಲ, ಕರಗಿಸಿದ್ರ ಮತ್ತ ಹೊಸದೇ. ಅಜ್ಜಿ ಕಾಲದ ಬಿಲ್ವಾರ, ಕೊಂಡಿ ಮುರಿದ ಬೋರಮಾಳ ಎಷ್ಟು ಮನ್ಯಾಗ ಡಬ್ಬಿಯೊಳಗ ಬಿದ್ದಾವೋ! "ಹಳೇದು ಮುರಸಿದ್ರ ಮಂದಿ ಏನಂದಾರು" ಅನ್ನೂ ಅಂಜಿಕಿ ಒಂದ ಬಿಟ್ರ ಅಡ್ಡ ಏನೂ ಇಲ್ಲ. ಮಗಳ ಮದಿವ್ಯಾಗ ಬೀಗರು ಕೇಳಿದ ಐದು ತೊಲಿಗೆ ನಾ ಹೊಸ ಬಂಗಾರ ತರೂದಿಲ್ಲ ಅಂತ ಹೇಳೀನಿ. ಅತ್ತಿಯವರ ಬಿಲ್ವಾರ ಅಕ್ಕಸಾಲಿಗರ ಕಡೆ ಕೊಟ್ಟಾಗೇತಿ. ಬೀಗರು ಇನ್ನೂ ಹೂಂ ಅಂದಿಲ್ಲ.